ಪೆಟ್ಟಿಗೆಯ ಮೇಲಿನ ಸಂಖ್ಯೆ: ವಿದ್ಯುತ್ ಸಾಮಗ್ರಿಗಳ ಸುರಕ್ಷತೆ ಮತ್ತು ಗ್ರಾಮ ಪಂಚಾಯಿತಿಗಳ ಹೊಣೆ

(ಗ್ರಾಮ ಪಂಚಾಯಿತಿ ಪದಾಧಿಕಾರಿಗಳು ಹಾಗೂ ಸಿಬ್ಬಂದಿಯ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನೂ 1905ರ ಆಗಸ್ಟ್ 5ರಂದು ಬೆಂಗಳೂರು ನಗರವನ್ನೂ ತಲುಪಿತು. ಚಾಮರಾಜಪೇಟೆ 1892ರಲ್ಲಿಯೇ ರೂಪುಗೊಂಡಿತ್ತು. 1898ರ ಪ್ಲೇಗು ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳ ಬೆಳವಣಿಗೆಗೆ ಕಾರಣವಾಯಿತು. ಈ ಬಡಾವಣೆಗಳ ಹಳೆಯ ಮನೆಗಳಲ್ಲಿ ಮರದ ಪಟ್ಟಿಯೊಳಗಿನ ತಂತಿ, ಪಿಂಗಾಣಿಯ ಫ್ಯೂಸು, ಎರಡು ತೂತಿನ ಸಾಕೆಟ್ಟು ಅಲ್ಲಲ್ಲಿ ಇಂದಿಗೂ ಕಾಣಸಿಗುತ್ತವೆ. ನಾಲ್ಕು ದೀಪಗಳಿಗೆಂದು ಮಾಡಿದ ಆ ವ್ಯವಸ್ಥೆಯಲ್ಲಿ ಅರ್ಥ್ ತಂತಿಯೇ ಇರಲಿಲ್ಲ. ಮುಂದೆ ಮಿಕ್ಸಿ, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ ಬಂದಾಗ ಎಷ್ಟೋ ಕಡೆ ಗೋಡೆಯ ಮೇಲಿನ ಸಾಕೆಟ್ಟು ಮಾತ್ರ ಮೂರು ತೂತಿನದಾಯಿತು, ಗೋಡೆಯೊಳಗಿನ ತಂತಿ ಎರಡೇ ಉಳಿಯಿತು. ಇಂಥ ಸಾಕೆಟ್ಟಿನ ಮೂರನೆಯ ತೂತು ಕೇವಲ ಅಲಂಕಾರ. ಯಂತ್ರದ ಲೋಹದ ಕವಚಕ್ಕೆ ವಿದ್ಯುತ್ತು ಸೋರಿದರೆ ಅದು ನೆಲ ಸೇರಲು ಮುಟ್ಟಿದವರ ದೇಹವೇ ದಾರಿಯಾಗುತ್ತದೆ.

ಇದು ನಗರದ ಮಾತು, ಹಳ್ಳಿಗೆ ಸಂಬಂಧವಿಲ್ಲವೆಂದು ಭಾವಿಸಲಾಗದು. ಭಾಗ್ಯಜ್ಯೋತಿಯ ಒಂದು ದೀಪದ ಸಂಪರ್ಕ ಪಡೆದ ಮನೆಯಲ್ಲಿ ಇಂದು ಟಿವಿ ಇದೆ, ಬಕೆಟ್ಟಿಗೆ ಇಳಿಬಿಡುವ ಹೀಟರ್ ಇದೆ. ಬಸವನಗುಡಿಯಲ್ಲಿ ನೂರು ವರ್ಷಗಳಲ್ಲಿ ನಡೆದ ಬದಲಾವಣೆ ಅಲ್ಲಿ ಇಪ್ಪತ್ತೇ ವರ್ಷಗಳಲ್ಲಿ ನಡೆದಿದೆ. ಪಂಚಾಯಿತಿಯ ಬೀದಿದೀಪ, ಪಂಪುಮನೆ, ಅಂಗನವಾಡಿಗಳ ಸಾಮಗ್ರಿಯೂ ಬಹುತೇಕ ಇದೇ ನಗರದ ಪೇಟೆಬೀದಿಗಳ ಸಗಟು ಮಳಿಗೆಗಳಿಂದ ಬರುವಂಥದು. ಅಲ್ಲಿ ಉತ್ತಮ ಸರಕೂ ಉಂಟು, ಊರುಹೆಸರಿಲ್ಲದ ಸರಕೂ ಉಂಟು. ಇವೆರಡನ್ನು ಬೇರ್ಪಡಿಸುವುದು ಬೆಲೆಯಲ್ಲ, ಸಂಖ್ಯೆ.

ಭಾರತೀಯ ಮಾನಕ ಬ್ಯೂರೋ ನೀಡುವ ಗುರುತುಗಳಲ್ಲಿ ಎರಡು ಇಲ್ಲಿ ಮುಖ್ಯ. ತಂತಿ, ಸ್ವಿಚ್ಚು, ಪ್ಲಗ್ಗು, ನೀರು ಕಾಯಿಸುವ ಹೀಟರುಗಳ ಮೇಲೆ ಐಎಸ್‌ಐ ಮುದ್ರೆ ಇರತಕ್ಕದ್ದು. ಮುದ್ರೆಯ ಮೇಲ್ಭಾಗದಲ್ಲಿ ಮಾನಕದ ಸಂಖ್ಯೆ ಇರುತ್ತದೆ: ಪಿವಿಸಿ ತಂತಿಗೆ ಐಎಸ್ 694, ಪ್ಲಗ್ಗು ಸಾಕೆಟ್ಟುಗಳಿಗೆ ಐಎಸ್ 1293. ಕೆಳಭಾಗದಲ್ಲಿ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ. ಈ ಸಂಖ್ಯೆಯಿಲ್ಲದ ಐಎಸ್‌ಐ ಮುದ್ರೆ ಬರಿಯ ಚಿತ್ರ. ಎಲ್‌ಇಡಿ ಬಲ್ಬು, ಎಲ್‌ಇಡಿ ಬೀದಿದೀಪ, ಮೊಬೈಲ್ ಚಾರ್ಜರುಗಳಿಗೆ ಅನ್ವಯಿಸುವುದು ಕಡ್ಡಾಯ ನೋಂದಣಿ; ಅವುಗಳ ಮೇಲೆ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಮೊದಲನೆಯ ಪದ್ಧತಿಯಲ್ಲಿ ಬ್ಯೂರೋ ಕಾರ್ಖಾನೆಯನ್ನೇ ಪರಿಶೀಲಿಸುತ್ತದೆ. ಎರಡನೆಯದು ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ಮತ್ತು ತಯಾರಕರ ಸ್ವಯಂಘೋಷಣೆಯ ಮೇಲೆ ನಿಂತಿದೆ. ಆದ್ದರಿಂದಲೇ ಎರಡನೆಯದರಲ್ಲಿ ಕೊಳ್ಳುವವರ ಎಚ್ಚರ ಹೆಚ್ಚಿರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಸಂಖ್ಯೆ ನಮೂದಿಸಿದರೆ ತಯಾರಕರ ಹೆಸರು ಮತ್ತು ಪರವಾನಗಿಯ ಸ್ಥಿತಿ ತಿಳಿಯುತ್ತದೆ. ಪೆಟ್ಟಿಗೆಯ ಮೇಲೊಂದು ಹೆಸರು, ಆ್ಯಪಿನಲ್ಲಿ ಮತ್ತೊಂದು ಹೆಸರು ಕಂಡರೆ ಸರಕನ್ನು ಇಳಿಸಿಕೊಳ್ಳದಿರುವುದೇ ಲೇಸು. ಸಿಇ ಎಂಬ ಅಕ್ಷರಗಳು ಯುರೋಪಿನ ಮಾರುಕಟ್ಟೆಗೆ ಸಂಬಂಧಿಸಿದವು. ಅವು ಇಲ್ಲಿಯ ಮುದ್ರೆಗೆ ಬದಲಿಯಾಗಲಾರವು.

ಇನ್ನು ಅಷ್ಟಾಗಿ ಚರ್ಚೆಗೆ ಬಾರದ ವಿಷಯ ವಿದ್ಯುತ್ಕಾಂತೀಯ ಹೊಂದಾಣಿಕೆ. ಹೆಸರು ಭಾರವಾದರೂ ಅನುಭವ ಮನೆಮನೆಯದು. ಆಕಾಶವಾಣಿ ಬೆಂಗಳೂರು ಕೇಂದ್ರ ಮಧ್ಯಮ ತರಂಗದಲ್ಲಿ 612 ಕಿಲೋಹರ್ಟ್ಸ್‌ನಲ್ಲಿ ಪ್ರಸಾರವಾಗುತ್ತದೆ. ಅಗ್ಗದ ಬಲ್ಬನ್ನು ಹೊತ್ತಿಸಿದೊಡನೆ ರೇಡಿಯೊದಲ್ಲಿ ವಾರ್ತೆಯ ಬದಲು ಕರಕರ ಸದ್ದು ಕೇಳುವುದುಂಟು. ದೋಷ ರೇಡಿಯೊದ್ದಲ್ಲ. ಎಲ್‌ಇಡಿ ದೀಪದೊಳಗಿನ ಚಾಲಕ ಮಂಡಲವು ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕಡಿದು ಜೋಡಿಸುತ್ತದೆ. ಅದು 68 ಸಾವಿರ ಬಾರಿ ಎಂದಿಟ್ಟುಕೊಂಡರೆ ಅದರ ಒಂಬತ್ತು ಪಟ್ಟು ನೇರವಾಗಿ 612 ಕಿಲೋಹರ್ಟ್ಸ್ ಮೇಲೆಯೇ ಬೀಳುತ್ತದೆ. ಮನೆಯ ತಂತಿಯೇ ಅದಕ್ಕೆ ಏರಿಯಲ್ ಆಗುತ್ತದೆ. ಇದನ್ನು ತಡೆಯಲು ಒಂದು ಸುರುಳಿ ಮತ್ತು ಒಂದೆರಡು ಕೆಪಾಸಿಟರ್ ಸಾಕು. ಬೆಲೆ ಇಳಿಸಲು ಹೊರಟವರು ಮೊದಲು ಕಿತ್ತುಹಾಕುವುದೂ ಅವನ್ನೇ, ಏಕೆಂದರೆ ಅವಿಲ್ಲದೆಯೂ ದೀಪ ಉರಿಯುತ್ತದೆ.

ಹೊಂದಾಣಿಕೆಗೆ ಇನ್ನೊಂದು ಮುಖವಿದೆ. ಉಪಕರಣವು ಇತರರಿಗೆ ತೊಂದರೆ ಕೊಡದಿರುವುದು ಒಂದು. ಹೊರಗಿನಿಂದ ಬಂದ ಏಟನ್ನು ತಾನು ತಾಳಿಕೊಳ್ಳುವುದು ಇನ್ನೊಂದು. ಮುಂಗಾರುಪೂರ್ವ ಮಳೆಯ ಮೊದಲ ಸಿಡಿಲಿಗೇ ಸಾಲುಸಾಲಾಗಿ ಬೀದಿದೀಪಗಳು ಆರಿಹೋದರೆ ಹಲವು ವೇಳೆ ಕಾರಣ ಈ ಎರಡನೆಯ ಗುಣದ ಕೊರತೆ. ಬೀದಿದೀಪದ ನೋಂದಣಿಗೆ ಆಧಾರವಾದ ಐಎಸ್ 10322 ಮಾನಕವು ಮುಖ್ಯವಾಗಿ ಸುರಕ್ಷತೆಗೆ ಸಂಬಂಧಿಸಿದ್ದು. ರೇಡಿಯೊ ಅಡಚಣೆಯ ಮಿತಿಗೆ ಸಿಐಎಸ್‌ಪಿಆರ್ 15, ಮಿಂಚಿನೇಟಿನ ಪರೀಕ್ಷೆಗೆ ಐಇಸಿ 61000-4-5 ಎಂಬ ಪ್ರತ್ಯೇಕ ಮಾನಕಗಳಿವೆ. ಆದ್ದರಿಂದ ಆರ್ ಸಂಖ್ಯೆ ಇದ್ದ ಮಾತ್ರಕ್ಕೆ ಈ ಪರೀಕ್ಷೆಗಳೂ ಆಗಿವೆಯೆಂದು ತಿಳಿಯತಕ್ಕದ್ದಲ್ಲ. ಟೆಂಡರಿನಲ್ಲಿ ಕೇಳದಿದ್ದರೆ ಸರಬರಾಜುದಾರರು ಕೊಡುವ ಪ್ರಮೇಯವೂ ಇಲ್ಲ.

ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬಳಿ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಹಳ್ಳಿಗಳಿಂದ ಕಾಯಿ ತಂದ ರೈತರು ರಸ್ತೆಯಂಚಿನ ರಾಶಿಗಳ ನಡುವೆ ಕುಳಿತಿರುತ್ತಾರೆ. ತಲೆಯ ಮೇಲೆ ದೀಪದ ಸರಗಳು. ಪ್ರತಿ ಪಂಚಾಯಿತಿಯ ಜಾತ್ರೆಯೂ ಇದರ ಚಿಕ್ಕ ರೂಪವೇ. ಇಂಥಲ್ಲಿ ಬಟ್ಟೆ ಸುತ್ತಿದ ತಂತಿಯ ಬೆಸುಗೆ, ಒದ್ದೆ ನೆಲ, ಕಬ್ಬಿಣದ ಕಂಬ ಈ ಮೂರೂ ಸೇರಿದರೆ ಅನಾಹುತಕ್ಕೆ ಬೇರೇನೂ ಬೇಡ. ತಾತ್ಕಾಲಿಕ ಸಂಪರ್ಕದ ಬುಡದಲ್ಲಿ 30 ಮಿಲಿ ಆಂಪಿಯರಿನ, ಐಎಸ್ 12640 ಮುದ್ರೆಯುಳ್ಳ ಸೋರಿಕೆ ತಡೆ ಸ್ವಿಚ್ಚು ಇರಿಸತಕ್ಕದ್ದು. ವಿದ್ಯುತ್ತು ಸೋರಿದ ಕ್ಷಣಾರ್ಧದಲ್ಲಿ ಅದು ಸಂಪರ್ಕ ಕಡಿಯುತ್ತದೆ. ಹಳೆಯ ಫ್ಯೂಸು ಈ ಕೆಲಸ ಮಾಡಲಾರದು. ಅದು ಕಾಯುವುದು ತಂತಿಯನ್ನು, ಮನುಷ್ಯರನ್ನಲ್ಲ.

ಕಂಬ ಹತ್ತುವ ನೌಕರನೂ ಪಂಪಿನ ಸ್ವಿಚ್ಚು ಒತ್ತುವ ನೀರುಗಂಟಿಯೂ ಪರೀಕ್ಷಾ ವರದಿಯನ್ನು ಓದುವವರಲ್ಲ. ಅವರ ಪರವಾಗಿ ಓದಬೇಕಾದದ್ದು ಬಿಲ್ಲಿಗೆ ಸಹಿ ಹಾಕುವ ಕೈ. ಸರಕು ಬಂದ ದಿನವೇ ಪೆಟ್ಟಿಗೆಯ ಹಾಗೂ ಉಪಕರಣದ ಮೇಲಿನ ಸಂಖ್ಯೆಗಳ ಛಾಯಾಚಿತ್ರ, ಆ್ಯಪಿನ ಪರಿಶೀಲನೆಯ ಪ್ರತಿ, ಟೆಂಡರಿನಲ್ಲಿ ಕೇಳಿದ ಪರೀಕ್ಷಾ ವರದಿ ಇವುಗಳನ್ನು ಕಡತಕ್ಕೆ ಸೇರಿಸಿ, ದಾಸ್ತಾನು ವಹಿಯಲ್ಲಿ ಸಂಖ್ಯೆಯನ್ನು ನಮೂದಿಸಿದ ನಂತರವೇ ಹಣ ಪಾವತಿಗೆ ಮಂಡಿಸತಕ್ಕದ್ದು.