ಯಂತ್ರದ ತವರು

ಲೊಕ್ಕನಹಳ್ಳಿಯಲ್ಲಿರುವ ನನ್ನ ಸೋದರಳಿಯ ತನ್ನ ಸೌರ ಪಂಪಿನ ಪೆಟ್ಟಿಗೆಯನ್ನು ತೋರಿಸಿ, "ಎಲ್ಲಿದ್ದರೂ ಮೊಬೈಲಿನಲ್ಲೇ ಇದನ್ನ ನಿಲ್ಲಿಸಬಹುದು, ಮಾವ" ಎಂದ. "ನೀನೊಬ್ಬನೇ ನಿಲ್ಲಿಸಬಲ್ಲೆಯೋ, ಮಾಡಿದವರೂ ನಿಲ್ಲಿಸಬಲ್ಲರೋ?" ಎಂದೆ. ನಕ್ಕು ಸುಮ್ಮನಾದ.

ಕೇಳುಗರೇ, ಪರದೇಶದ ಯಂತ್ರ ನಮ್ಮ ಸೀಮೆಗೆ ಹೊಸದಲ್ಲ. ಇದೇ ಕೊಳ್ಳೇಗಾಲದ ಸೀಮೆಗೆ ಹತ್ತಿಕೊಂಡಿರುವ ಶಿವನಸಮುದ್ರದಲ್ಲಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರಗಳು 1902ರಲ್ಲಿ ಕಾವೇರಿಯಿಂದ ವಿದ್ಯುತ್ತು ತೆಗೆದು, 92 ಮೈಲಿಯಾಚೆಯ ಕೋಲಾರದ ಚಿನ್ನದ ಗಣಿಗೆ ಕಳಿಸಿದವು. ಬಿಡಿಭಾಗ ಬೇಕಾದರೆ ಹಡಗಿನ ದಾರಿ ಕಾಯಬೇಕು, ನಿಜ. ಆದರೆ ಒಮ್ಮೆ ನೆಲೆಗೊಂಡ ಯಂತ್ರಕ್ಕೆ ತವರಿನೊಡನೆ ಮಾತಿರಲಿಲ್ಲ. ಅದನ್ನು ನಿಲ್ಲಿಸಲು ಎದುರಿಗೆ ನಿಂತ ಮನುಷ್ಯನ ಕೈಯೇ ಬೇಕಾಗಿತ್ತು.

ಬಿಸಿಲಿನ ವಿದ್ಯುತ್ತನ್ನು ಬಳಕೆಗೆ ಒಗ್ಗಿಸುವ ಇಂದಿನ ಇನ್ವರ್ಟರುಗಳಲ್ಲಿ ಅನೇಕವು ಹಾಗಲ್ಲ. ಅವು ಅಂತರ್ಜಾಲದ ಮೂಲಕ ತಯಾರಕರಿಗೆ ವರದಿ ಒಪ್ಪಿಸುತ್ತವೆ, ಹೊಸ ಆದೇಶಗಳನ್ನೂ ಪಡೆಯುತ್ತವೆ. ರಿಪೇರಿಗೆ ಅನುಕೂಲವೇ ಸರಿ. ಒಂದು ಪಂಪು ನಿಂತರೆ ಒಂದು ಬೆಳೆ ಬಾಡೀತು. ವಿದ್ಯುತ್ ಜಾಲಕ್ಕೆ ಸೇರಿದ ಸಾವಿರಾರು ಪೆಟ್ಟಿಗೆಗಳು ಒಂದೇ ಕ್ಷಣದಲ್ಲಿ ಕಣ್ಣು ಮುಚ್ಚಿದರೆ ಜಾಲದ ಸಮತೋಲವೇ ಕೆಟ್ಟೀತು. ಆಮದಾದ ವಿದ್ಯುತ್ ಉಪಕರಣಗಳಲ್ಲಿ ಕೇಡಿನ ತಂತ್ರಾಂಶವಿದೆಯೇ ಎಂದು ಪರೀಕ್ಷಿಸಬೇಕೆಂದು ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ಆಜ್ಞೆ ಮಾಡಿತು. ಬಂದ ದಿನದ ಪರೀಕ್ಷೆ, ಮರುವರ್ಷ ಬರುವ ಆದೇಶವನ್ನು ಹೇಗೆ ಕಂಡೀತು?

ಹೊರಡುವಾಗ ಅಳಿಯ, ಗೋಡೆಯ ಮೇಲಿನ ಹಳೆಯ ಸ್ಟಾರ್ಟರಿನ ಧೂಳೊರೆಸುತ್ತಿದ್ದ. "ಇದನ್ನ ಗುಜರಿಗೆ ಹಾಕಬೇಕೂಂತಿದ್ದೆ, ಮಾವ. ಇರಲಿ ಬಿಡಿ" ಎಂದ.