ಗೋದಲಿಯೂ ಹಬ್ಬದ ಊಟವೂ

(ರಾರಾವಿಯಲ್ಲಿ ಕ್ರಿಸ್ತಜಯಂತಿಯ ಹಗಲಿನ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



 ರಾತ್ರಿ ಪೂಜೆಗೆ ಬಂದವರು ನಿದ್ದೆಗೆಟ್ಟಿದ್ದೀರಿ. ಈಗ ಬಂದಿರುವ ತಾಯಂದಿರ ಮನಸ್ಸು ಅರ್ಧ ಇಲ್ಲಿದೆ, ಅರ್ಧ ಒಲೆಯ ಮೇಲಿದೆ. ಬೆಳಿಗ್ಗೆ ಕೇರಿಯಲ್ಲಿ ನಡೆದು ಬರುವಾಗ ಒಂದು ಮನೆಯಿಂದ ಮಸಾಲೆ ಅರೆಯುವ ಸದ್ದು, ಇನ್ನೊಂದು ಮನೆಯಿಂದ ಬೆಲ್ಲ ಕಾಯುವ ವಾಸನೆ ಬರುತ್ತಿತ್ತು. ಅದಕ್ಕೇ ಇಂದು ನಿಮ್ಮ ಮನಸ್ಸು ಇರುವ ಕಡೆಗೇ ನಾನೂ ಬರುತ್ತೇನೆ. ಊಟದ ವಿಷಯವನ್ನೇ ಮಾತನಾಡುತ್ತೇನೆ.

ಆಗಮನ ಕಾಲದ ಒಂದು ಭಾನುವಾರ ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳನ್ನು ಕೇಳಿದೆ: "ಕ್ರಿಸ್ತಜಯಂತಿಗೆ ನಿಮ್ಮ ಮನೆಯಲ್ಲಿ ಏನು ಊಟ?" ಎಲ್ಲರೂ ಒಟ್ಟಿಗೆ ಕೂಗಿದರು. ಹೋಳಿಗೆ, ಕೋಳಿ ಸಾರು, ಬಗಾರಾ ಅನ್ನ, ಕರ್ಚಿಕಾಯಿ, ಗೋಧಿ ಹುಗ್ಗಿ. ಒಬ್ಬ ಹುಡುಗ ಮಾತ್ರ ಗಂಭೀರವಾಗಿ "ಕೇಕ್" ಎಂದ. ಪಕ್ಕದ ಹುಡುಗಿ ಬಿಡಲಿಲ್ಲ. "ಸುಳ್ಳು ಫಾದರ್, ಅವರ ಮನ್ಯಾಗ ಹೋಳಿಗೀನ ಮಾಡೋದು!" ಹುಡುಗ ತಲೆ ತಗ್ಗಿಸಿದ. ಹೋಳಿಗೆ ತಿನ್ನುವವರ ಹಬ್ಬ ನಿಜವಾದ ಕ್ರಿಸ್ಮಸ್ ಅಲ್ಲ ಎಂದು ಅವನಿಗೆ ಯಾರು ಹೇಳಿಕೊಟ್ಟರೋ ತಿಳಿಯದು. ಟಿ.ವಿ. ಇರಬಹುದು, ಮೊಬೈಲ್ ಇರಬಹುದು.

ಮಗನೇ, ನೀನು ಇಲ್ಲಿ ಎಲ್ಲೋ ಕೂತಿದ್ದೀಯ. ಕೇಳು. ನಾನು ಕರಾವಳಿಯ ಕೊಂಕಣಿ ಮನೆಯಲ್ಲಿ ಬೆಳೆದವನು. ನಮ್ಮಲ್ಲಿ ಹಬ್ಬಕ್ಕೆ ವಾರವಿರುವಾಗಲೇ ಕುಸ್ವಾರ್ ಮಾಡಲು ಕೂರುತ್ತಾರೆ. ಕಿಡಿಯೊ, ಗುಳಿಯೊ, ಎಳ್ಳಿನ ಲಾಡು, ನೆವ್ರಿ. ಈ ಸೀಮೆಗೆ ಬಂದ ಮೊದಲ ವರ್ಷ ಅಮ್ಮ ಕಳಿಸಿದ ಕುಸ್ವಾರಿನ ಡಬ್ಬಿಯನ್ನು ಹೆಮ್ಮೆಯಿಂದ ಬಿಚ್ಚಿ ಹಂಚಿದೆ. ಒಬ್ಬ ಅಜ್ಜಿ ನೆವ್ರಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಮ್ಮ ಕರ್ಚಿಕಾಯಿ ಅಲ್ಲೇನ್ರಿ?" ಎಂದರು. ಹೌದು, ಅದೇ. ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಆಂಧ್ರದ ಕರಾವಳಿಯಿಂದ ಬಂದು ನೆಲೆಸಿದ ನಮ್ಮ ಕ್ಯಾಂಪಿನ ಕುಟುಂಬಗಳು ಇದೇ ಹಬ್ಬಕ್ಕೆ ಅರಿಸೆಲು ಮಾಡುತ್ತವೆ. ಕನ್ನಡದವರು ಅದನ್ನು ಕಜ್ಜಾಯ ಎನ್ನುತ್ತಾರೆ. ಇನ್ನು ಅನ್ನ. ಇಂದು ಸಿರುಗುಪ್ಪದ ಸೋನಾ ಮಸೂರಿ ದೂರದೂರಿಗೆ ಹೋಗುತ್ತದೆ. ಆದರೆ ಕಾಲುವೆ ಬರುವ ಮೊದಲು ಜೋಳವೇ ದಿನದ ಊಟವಾಗಿದ್ದ ಈ ನಾಡಿನಲ್ಲಿ ಅನ್ನ ಬೆಂದರೆ ಅಂದು ಹಬ್ಬ. ಈಗ ಅನ್ನ ದಿನವೂ ಇದೆ, ಹಬ್ಬಕ್ಕೆಂದು ಕೂತು ರೊಟ್ಟಿ ಬಡಿಯುತ್ತೇವೆ. ಯಾವುದು ಹಬ್ಬದೂಟ ಎಂಬುದು ಒಂದು ತಲೆಮಾರಿನಲ್ಲಿ ಹೀಗೆ ತಿರುವುಮುರುವಾಗುತ್ತದೆ.

ಹಿರಿಯರಿಗೆ ಇನ್ನೊಂದು ನೆನಪೂ ಇರಬಹುದು. ಹಿಂದೆ ಹಬ್ಬದ ಮುನ್ನಾದಿನ ಉಪವಾಸವಿತ್ತು, ಮಾಂಸವನ್ನು ಮುಟ್ಟುವಂತಿರಲಿಲ್ಲ. ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದಲೇ ಏನೂ ತಿನ್ನದೆ ಇರಬೇಕಿತ್ತು. ಆ ನಿಯಮ 1950ರ ದಶಕದಲ್ಲಿ ಸಡಿಲವಾಗಿ, 1964ರಲ್ಲಿ ವಿಶ್ವಗುರು ಆರನೇ ಪೌಲರು ಅದನ್ನು ಒಂದು ಗಂಟೆಗೆ ಇಳಿಸಿದರು. ಆ ಕಾಲದವರು ಹಬ್ಬದ ಊಟಕ್ಕೆ ನಿಜವಾದ ಹಸಿವಿನಿಂದ ಕೂರುತ್ತಿದ್ದರು. ನಾವು ಬೆಳಗಿನಿಂದ ಮಿರ್ಚಿ ಮಂಡಕ್ಕಿ ತಿಂದು ಹೊಟ್ಟೆ ತುಂಬಿಸಿಕೊಂಡು ಕೂರುತ್ತೇವೆ.

ಬೆತ್ಲೆಹೇಮ್ ಎಂಬ ಹೆಸರಿಗೆ ಹೀಬ್ರೂ ಭಾಷೆಯಲ್ಲಿ 'ರೊಟ್ಟಿಯ ಮನೆ' ಎಂದು ಅರ್ಥ. ಇದನ್ನು ನೀವು ಅನೇಕ ಪ್ರಬೋಧನೆಗಳಲ್ಲಿ ಕೇಳಿದ್ದೀರಿ. ಅದೇ ಊರಿನ ಇಂದಿನ ಜನ ಅರಬ್ಬಿ ಭಾಷೆಯಲ್ಲಿ ಅದನ್ನು ಬೈತ್ ಲಹ್ಮ್ ಎನ್ನುತ್ತಾರೆ. ಆ ಭಾಷೆಯಲ್ಲಿ ಅದು 'ಮಾಂಸದ ಮನೆ' ಎಂದಾಗುತ್ತದೆ. ಅಂದಮೇಲೆ ರೊಟ್ಟಿಗೂ ಕೋಳಿ ಸಾರಿಗೂ ಜಗಳವಿಲ್ಲ, ಎರಡೂ ಬೆತ್ಲೆಹೇಮಿನವೇ. ಆ ರೊಟ್ಟಿಯ ಮನೆಯಲ್ಲಿ ಬಾಲಯೇಸುವನ್ನು ಮಲಗಿಸಿದ್ದು ಎಲ್ಲಿ? ಗೋದಲಿಯಲ್ಲಿ. ಬಣ್ಣದ ಕಾಗದ ಅಂಟಿಸಿ ಸೀರಿಯಲ್ ಲೈಟು ಹಾಕಿದ ನಮ್ಮ ಗೋದಲಿ ನೋಡಿ ನೋಡಿ ಆ ಮಾತಿನ ಅರ್ಥವನ್ನೇ ಮರೆತಿದ್ದೇವೆ. ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಗ್ವಾದ್ಲಿ ಅಂದರೆ ಎತ್ತು ಎಮ್ಮೆಗಳು ಮೇವು ತಿನ್ನುವ ಜಾಗ.

ಈಗ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಅವರ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ. ಊರು ರಾರಾವಿ ಅಲ್ಲ, ಹೆಸರು ಬೇಡ. ಆ ತಾಯಿ ಪ್ರತಿ ಕ್ರಿಸ್ತಜಯಂತಿಗೆ ತಾವು ಕೆಲಸಕ್ಕೆ ಹೋಗುವ ಮನೆಗೆ ಹೋಳಿಗೆ ಕಳುಹಿಸುತ್ತಿದ್ದರು. ಯುಗಾದಿಗೆ ಆ ಮನೆಯಿಂದ ಇವರಿಗೆ ಹೋಳಿಗೆ ಬರುತ್ತಿತ್ತು, ಇವರ ಮಕ್ಕಳು ಸಂತೋಷದಿಂದ ತಿನ್ನುತ್ತಿದ್ದರು. ಅದಕ್ಕೆ ಪ್ರತಿಯಾಗಿ ಇದು. ಆ ಮನೆಯವರು ಮಾಂಸ ತಿನ್ನುವವರಲ್ಲ. ಆದ್ದರಿಂದ ಈ ತಾಯಿ ಮೊದಲು ಹೊಸ ಪಾತ್ರೆಯಲ್ಲಿ ಬೇಳೆ ಬೇಯಿಸಿ, ಹೋಳಿಗೆ ಮಾಡಿ ತೆಗೆದಿಟ್ಟು, ಆಮೇಲೆ ಕೋಳಿಗೆ ಕೈ ಹಾಕುತ್ತಿದ್ದರು. ಮನೆಯೊಡತಿ ನಗುನಗುತ್ತಾ ತಟ್ಟೆ ತೆಗೆದುಕೊಳ್ಳುತ್ತಿದ್ದರು. ಮರುದಿನ ಬೆಳಿಗ್ಗೆ ಈ ತಾಯಿ ಎಂದಿನಂತೆ ಆ ಮನೆಯ ಕೊಟ್ಟಿಗೆಗೆ ಸೆಗಣಿ ಬಳಿಯಲು ಹೋದಾಗ ನೋಡಿದರೆ, ಹೋಳಿಗೆಗಳು ಗ್ವಾದ್ಲಿಯಲ್ಲಿದ್ದವು. ಎಮ್ಮೆ ಎರಡು ತಿಂದಿತ್ತು, ಒಂದು ಉಳಿದಿತ್ತು.

ನಂತರದ ವರ್ಷಗಳಲ್ಲಿ ಅವರು ಸಿರುಗುಪ್ಪದ ಬೇಕರಿಯಿಂದ ಮೊಟ್ಟೆ ಇಲ್ಲದ ಕೇಕು ತಂದು, ಡಬ್ಬದ ದಾರವನ್ನೂ ಬಿಚ್ಚದೆ ಕೊಟ್ಟರು. ಅದನ್ನು ಆ ಮನೆಯವರು ತಿಂದರು. "ಬೇಕರಿ ಕೇಕು ಮಂದಿ ಬಾಯಿಗೆ ಹೋತು ಫಾದರ್, ನನ್ನ ಕೈಯಾನ ಹೋಳಿಗಿ ದನದ ಬಾಯಿಗೆ ಹೋತು," ಎಂದರು. ಅಳಲಿಲ್ಲ. ಬೆಲೆ ಏರಿತು ಎನ್ನುವ ಹಾಗೆ ಹೇಳಿದರು.

ನನಗೆ ಉತ್ತರ ಹೊಳೆಯಲಿಲ್ಲ. ಗುರುಮಠದಲ್ಲಿ ಓದಿದ ದೈವಶಾಸ್ತ್ರ ಯಾವುದೂ ಬಾಯಿಗೆ ಬರಲಿಲ್ಲ. ಆ ವರ್ಷ ದೇವಾಲಯದಲ್ಲಿ ಗೋದಲಿಗೆ ಹುಲ್ಲು ಹಾಸುತ್ತಿದ್ದಾಗ ಕೈ ನಿಂತುಹೋಯಿತು. ಆ ತಾಯಿಯ ಹೋಳಿಗೆ ಬಿದ್ದ ಜಾಗಕ್ಕೇ ಬಾಲಯೇಸುವಿನ ಪ್ರತಿಮೆಯನ್ನು ಇಡಲು ಹೊರಟಿದ್ದೆ. ಇಂದು ಓದಿದ ಸಂತ ಯೊವಾನ್ನರ ಶುಭಸಂದೇಶ ಹೇಳುವುದೂ ಅದನ್ನೇ. ಅವರು ತಮ್ಮವರ ಬಳಿಗೇ ಬಂದರು, ತಮ್ಮವರೇ ಅವರನ್ನು ಒಳಗೆ ಕರೆಯಲಿಲ್ಲ.

ಹಬ್ಬದೂಟದ ವಿಷಯದಲ್ಲಿ ಸಂತರ ಪೈಕಿ ಎಲ್ಲರಿಗಿಂತ ಹಟಮಾರಿ ಅಸ್ಸಿಸಿಯ ಸಂತ ಫ್ರಾನ್ಸಿಸ್. 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ನಿಜವಾದ ಹುಲ್ಲು, ನಿಜವಾದ ಎತ್ತು ಕತ್ತೆಗಳನ್ನು ತರಿಸಿ, ಆ ಗೋದಲಿಯ ಮೇಲೆಯೇ ಬಲಿಪೂಜೆ ನಡೆಯುವಂತೆ ಮಾಡಿದವರು ಅವರು. ಅವರ ಜೀವನಚರಿತ್ರೆ ಬರೆದ ಚೆಲಾನೊದ ತೋಮಸ್ ಇನ್ನೊಂದು ಪ್ರಸಂಗ ಹೇಳುತ್ತಾರೆ. ಒಮ್ಮೆ ಕ್ರಿಸ್ತಜಯಂತಿ ಶುಕ್ರವಾರ ಬಂದಿತ್ತು. ಶುಕ್ರವಾರ ಮಾಂಸ ವರ್ಜ್ಯ ಎಂದು ಸಹೋದರ ಮೊರಿಕೊ ಹೇಳಿದಾಗ ಫ್ರಾನ್ಸಿಸರು ಅವರನ್ನು ಗದರಿದರಂತೆ. ಈ ದಿನ ಗೋಡೆಗಳೂ ಮಾಂಸ ತಿನ್ನಬೇಕು, ತಿನ್ನಲಾರವಾದರೆ ಮೇಲಾದರೂ ಸವರಬೇಕು ಎಂಬುದು ಅವರ ವಾದ. ಬಡವರ ಹೊಟ್ಟೆಯನ್ನು ಸಿರಿವಂತರು ತುಂಬಿಸಬೇಕು, ಎತ್ತು ಕತ್ತೆಗಳಿಗೆ ಅಂದು ಹೆಚ್ಚು ಮೇವು ಹಾಕಬೇಕು, ಹಕ್ಕಿಗಳಿಗಾಗಿ ದಾರಿಯಲ್ಲಿ ಕಾಳು ಚೆಲ್ಲಲು ಚಕ್ರವರ್ತಿಯೇ ಆಜ್ಞೆ ಹೊರಡಿಸಬೇಕು ಎಂದೂ ಅವರು ಬಯಸಿದ್ದರು. 1949ರಲ್ಲಿ ನಮ್ಮ ಬಳ್ಳಾರಿ ಧರ್ಮಕ್ಷೇತ್ರ ಸ್ಥಾಪನೆಯಾದಾಗ ಮೊದಲ ಧರ್ಮಾಧ್ಯಕ್ಷರಾದ ಜಾನ್ ಫಾರೆಸ್ಟ್ ಹೋಗನ್ ಅವರೂ ಈ ಫ್ರಾನ್ಸಿಸರ ಸಭೆಯವರೇ. ಆದ್ದರಿಂದ ಈ ಹಟ ನಮಗೂ ಪಿತ್ರಾರ್ಜಿತ.

ಈ ಪ್ರಸಂಗವನ್ನು ನಾನು ಆ ತಾಯಿಗೆ ಹೇಳಿದೆ. ಅವರು ಜೋರಾಗಿ ನಕ್ಕರು. "ಈ ವರ್ಷ ಏನು ಕಳಿಸ್ತೀರಮ್ಮ?" ಎಂದು ಕೇಳಿದೆ. "ಎರಡೂ ಕಳಸ್ತೀನ್ರಿ. ಕೇಕು ಅವರಿಗೆ, ಹೋಳಿಗಿ ಎಮ್ಮಿಗೆ. ಅದಕ್ಕೂ ಹಬ್ಬ ಬ್ಯಾಡೇನ್ರಿ?"

ಸಹೋದರ ಸಹೋದರಿಯರೇ, ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ನಮಗೆಲ್ಲ ಬಹಳ ಹಿತ. ತಪ್ಪು ಆ ಮನೆಯದು, ನಾವು ಒಳ್ಳೆಯವರು. ನಾನೂ ಕೆಲವು ವರ್ಷ ಹಾಗೆಯೇ ನಿಲ್ಲಿಸುತ್ತಿದ್ದೆ. ಆದರೆ ಕಳೆದ ಕ್ರಿಸ್ತಜಯಂತಿಯಂದು ಮನೆ ಭೇಟಿಗೆ ಹೊರಟವನು ಮಧ್ಯಾಹ್ನ ಒಂದು ಅನುಕೂಲಸ್ಥರ ಮನೆಯಲ್ಲಿ ತೃಪ್ತಿಯಾಗಿ ಉಂಡೆ. ಸಂಜೆ ಕೇರಿಯ ಕೊನೆಯ ಮನೆಗೆ ಹೋದಾಗ ಆ ಮನೆಯಾಕೆ ತಟ್ಟೆ ಇಟ್ಟು, ಹೋಳಿಗೆಯ ಮೇಲೆ ತುಪ್ಪ ಹಾಕಲು ಬಂದರು. ಕೊಡದ ನೀರಿನ ಬಣ್ಣ ನನ್ನ ಕಣ್ಣಿಗೆ ಬಿತ್ತು. "ಬೇಡಮ್ಮ, ನನಗೆ ಶುಗರ್ ಇದೆ" ಎಂದೆ. ನನಗೆ ಶುಗರ್ ಇಲ್ಲ. ಅವರು ಬಲವಂತ ಮಾಡದೆ ನಾಲ್ಕು ಹೋಳಿಗೆಯನ್ನು ಸ್ಟೀಲ್ ಡಬ್ಬಿಗೆ ಹಾಕಿ ಕೊಟ್ಟರು. ಅದು ನಮ್ಮ ಫ್ರಿಜ್ಜಿನಲ್ಲಿ ನಾಲ್ಕು ದಿನ ಇತ್ತು, ಐದನೆಯ ದಿನ ಕೋಳಿಗಳಿಗೆ ಹೋಯಿತು. ತೊಳೆದ ಡಬ್ಬಿ ಹಿಂದಿರುಗಿಸುವಾಗ "ಹೋಳಿಗೆ ಬಹಳ ಚೆನ್ನಾಗಿತ್ತು" ಎಂದು ಇನ್ನೊಂದು ಸುಳ್ಳನ್ನೂ ಹೇಳಿದೆ. ಆ ತಂಗಿ ಇಂದು ಇಲ್ಲಿದ್ದಾರೆ. ಈ ವಾರ ಅವರ ಮನೆಗೆ ಹೋಗಿ ಕ್ಷಮೆ ಕೇಳಿದ್ದೇನೆ.

ತಿರುಸಭೆಯ ಆರಂಭದ ದಿನಗಳಲ್ಲಿ ಅಂತಿಯೋಕ್ಯದಲ್ಲಿ ಒಂದು ದೊಡ್ಡ ಜಗಳವಾಯಿತು. ಸಂತ ಪೌಲರು ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಅದಿದೆ, ಮನೆಗೆ ಹೋಗಿ ಓದಿ. ಸಂತ ಪೇತ್ರರು ಅಲ್ಲಿ ಯೆಹೂದ್ಯರಲ್ಲದ ಕ್ರೈಸ್ತರ ಜೊತೆ ಕೂತು ಉಣ್ಣುತ್ತಿದ್ದರು. ಜೆರುಸಲೇಮಿನಿಂದ ಕೆಲವರು ಬಂದ ಮೇಲೆ ಅವರಿಗೆ ಅಂಜಿ ಮೆಲ್ಲಗೆ ಪಂಕ್ತಿಯಿಂದ ಎದ್ದುಬಿಟ್ಟರು. ಪೌಲರು ಎಲ್ಲರೆದುರು ಮುಖಕ್ಕೆ ಮುಖ ಕೊಟ್ಟು ಖಂಡಿಸಿದರು. ಪೇತ್ರರಂಥವರೇ ಎದ್ದರು ಎಂದರೆ ನಾವು ಯಾವ ಲೆಕ್ಕ? ಪೇತ್ರರು ಎದ್ದದ್ದು ಅಡುಗೆ ರುಚಿಯಿಲ್ಲವೆಂದಲ್ಲ, ನೋಡುವವರು ಏನೆನ್ನುತ್ತಾರೋ ಎಂದು.

ನಮ್ಮ ಹಬ್ಬದ ಸಾಮೂಹಿಕ ಊಟದ ಪಟ್ಟಿಯನ್ನು ಈ ಸಲ ತೆಗೆದು ನೋಡಿದೆ. ಅಡುಗೆಗೆ ಪ್ರತಿ ವರ್ಷ ಒಂದೇ ಕಡೆಯವರ ಹೆಸರು, ಪಾತ್ರೆ ತೊಳೆಯಲು ಪ್ರತಿ ವರ್ಷ ಇನ್ನೊಂದು ಕಡೆಯವರ ಹೆಸರು. ಅಕ್ಷರ ನನ್ನದೇ. ಯಾರೂ ಹೀಗೆ ಬರೆಯಿರಿ ಎಂದು ನನಗೆ ಹೇಳಿರಲಿಲ್ಲ. ಹಿಂದಿನ ವರ್ಷದ್ದನ್ನು ನೋಡಿ ನಕಲು ಮಾಡಿದ್ದೆ, ಅಷ್ಟೇ. ಇಂತಹ ಪಟ್ಟಿಗಳು ಹೀಗೇ ಬದುಕುತ್ತವೆ. ಈ ವರ್ಷ ಅಡುಗೆ ಕೇರಿಯ ತಾಯಂದಿರದು. ನಿನ್ನೆ ಸಂಜೆಯಿಂದ ಅವರು ಬೇಳೆ ಬೇಯಿಸುತ್ತಿದ್ದಾರೆ. ಪಾತ್ರೆಯ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ನನಗೆ ಜೊತೆಯಾಗಲು ಕ್ಯಾಂಪಿನ ಇಬ್ಬರು ಹಿರಿಯರು ತಾವಾಗಿಯೇ ಬಂದು ಹೆಸರು ಬರೆಸಿದ್ದಾರೆ. ಅವರಿಗೆ ವಂದನೆ.

ಸುದ್ದಿ ಕೇಳಿ ಎರಡು ಮೂರು ಮನೆಯವರು "ಫಾದರ್, ಈ ಸಲ ನಮಗೆ ಮನೆಯಲ್ಲೇ ಊಟ" ಎಂದು ಹೇಳಿ ಕಳುಹಿಸಿದ್ದಾರೆ. ಇನ್ನು ಕೆಲವರು ಪಾರ್ಸೆಲ್ ಸಿಗುತ್ತದೆಯೇ ಎಂದು ಕೇಳಿದ್ದಾರೆ. ಮಂಚ ಹಿಡಿದವರಿಗೆ, ಬಾಣಂತಿಯರಿಗೆ, ಗುಳೆ ಹೋದವರ ಮನೆಯಲ್ಲಿ ಒಂಟಿಯಾಗಿ ಉಳಿದ ಅಜ್ಜ ಅಜ್ಜಿಯರಿಗೆ ಯುವಕರು ಊಟ ತಲುಪಿಸುತ್ತಾರೆ. ಉಳಿದವರಿಗೆ ಪಾರ್ಸೆಲ್ ಇಲ್ಲ. ಮೆಣಸಿನಕಾಯಿ ಬಿಡಿಸಲು ಹೋದವರು ತಡವಾಗಿ ಬಂದರೂ ಬಡಿಸುತ್ತೇವೆ.

ಪೋಲೆಂಡ್ ದೇಶದ ಕ್ಯಾಥೋಲಿಕ್ ಕುಟುಂಬಗಳು ಕ್ರಿಸ್ತಜಯಂತಿಯ ಮುನ್ನಾದಿನದ ರಾತ್ರಿ ಊಟಕ್ಕೆ ಕೂರುವಾಗ ಮೇಜಿನ ಬಟ್ಟೆಯ ಕೆಳಗೆ ಒಂದು ಹಿಡಿ ಒಣಹುಲ್ಲು ಇಡುತ್ತಾರೆ. ಗೋದಲಿಯ ನೆನಪಿಗೆ. ಮತ್ತು ಮನೆಯವರನ್ನು ಎಣಿಸಿ ಒಂದು ತಟ್ಟೆ ಹೆಚ್ಚು ಹಾಕುತ್ತಾರೆ, ಹೇಳದೆ ಬರುವ ಅತಿಥಿಗಾಗಿ. ನಮ್ಮ ಪೆಂಡಾಲಿನಲ್ಲಿ ಮೇಜಿಲ್ಲ, ಚಾಪೆ ಇದೆ. ಹುಲ್ಲಿಗಂತೂ ಬರವಿಲ್ಲ, ಗದ್ದೆ ಕೊಯ್ಲಿನ ಹುಲ್ಲು ಸುತ್ತ ಬಿದ್ದಿದೆ. ಬರುವುದಿಲ್ಲ ಎಂದು ಹೇಳಿ ಕಳುಹಿಸಿದ ಮನೆಗಳ ತಲೆ ಎಣಿಸಿ, ಅವರಿಗೂ ಮೊದಲ ಸಾಲಿನ ನಡುವೆ ಎಲೆ ಹಾಕಲು ಹೇಳಿದ್ದೇನೆ. ಊಟ ಮುಗಿಯುವವರೆಗೂ ಆ ಎಲೆಗಳನ್ನು ಯಾರೂ ಮಡಚಬಾರದು.

ಈಗ ವಿಶ್ವಾಸ ಪ್ರಮಾಣವನ್ನು ಹೇಳಲು ಏಳೋಣ. ದೇವರು ಮನುಷ್ಯರಾದರು ಎಂಬ ಮಾತು ಬಂದಾಗ ಉಳಿದ ಭಾನುವಾರಗಳಲ್ಲಿ ತಲೆ ಬಾಗುತ್ತೇವೆ, ಇಂದು ಮಾತ್ರ ಮೊಣಕಾಲೂರುತ್ತೇವೆ. ಹಿಂದೆ ನಿಂತಿರುವ ಯುವಕರು ಮರೆಯಬೇಡಿ. ಮೊಣಕಾಲು ನೋಯುವ ಹಿರಿಯರು ಕೂತೇ ಇರಬಹುದು.