ಚೀಟಿ ಸೊಸೆಯ ಹೆಸರಿಗೆ ಬಂದಾಗ

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಸಮೀಕ್ಷೆಯ ಕಾಗದ ಹಿಡಿದು ಒಬ್ಬರು ನಮ್ಮ ಮನೆಯ ಬಾಗಿಲಿಗೆ ಬರುತ್ತಾರೆಂದು ಭಾವಿಸಿರಿ. ಮನೆಯ ಯಜಮಾನರು ಹೊರಬಂದು, ‘ಏನು ಬೇಕಿದ್ದರೂ ನನ್ನಲ್ಲಿ ಕೇಳಿ, ಈ ಮನೆಯ ಎಲ್ಲ ವಿಷಯವೂ ನನಗೆ ಗೊತ್ತು’ ಎನ್ನುತ್ತಾರೆ. ಬಂದವರು ಮನೆಯ ವಯಸ್ಕರ ಪಟ್ಟಿಯನ್ನು ಕೇಳಿ ಬರೆದುಕೊಂಡು, ‘ನಾವು ಮಾತನಾಡಬೇಕಾದದ್ದು ನಿಮ್ಮ ಹಿರಿಯ ಸೊಸೆಯೊಂದಿಗೆ’ ಎನ್ನುತ್ತಾರೆ. ಆಗ ಯಜಮಾನರ ಮುಖ ಗಂಭೀರವಾಗುತ್ತದೆ. ಯಜಮಾನರಿರುವಾಗ ಸೊಸೆ ಯಾಕೆ? ಇಂದು ನಾನು ಈ ಪ್ರಶ್ನೆಯ ಕುರಿತೇ ಮಾತನಾಡಬಯಸುತ್ತೇನೆ.

ಗಣತಿ ಬೇರೆ, ಮಾದರಿ ಸಮೀಕ್ಷೆ ಬೇರೆ. ಜನಗಣತಿಯಾಗಲಿ, 2025ರಲ್ಲಿ ಕರ್ನಾಟಕದಲ್ಲಿ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಾಗಲಿ, ಎಲ್ಲರನ್ನೂ ಎಣಿಸುವ ಕೆಲಸ. ಅಲ್ಲಿ ಮನೆಯ ಒಬ್ಬರು ಉಳಿದವರ ಪರವಾಗಿ ಹೆಸರು, ವಯಸ್ಸು, ವಿದ್ಯಾಭ್ಯಾಸಗಳನ್ನು ಹೇಳಬಹುದು. ಮಾದರಿ ಸಮೀಕ್ಷೆಯಲ್ಲಿ ಮೊದಲು ಕೆಲವು ಊರು-ವಾರ್ಡ್‌ಗಳನ್ನೂ, ಅಲ್ಲಿ ಕೆಲವು ಮನೆಗಳನ್ನೂ ಆರಿಸಲಾಗುತ್ತದೆ. ಅಭಿಪ್ರಾಯ ಅಥವಾ ಅನುಭವವನ್ನು ಕೇಳುವುದಿದ್ದರೆ ಆ ಮನೆಯೊಳಗೂ ಒಬ್ಬರನ್ನು ಆರಿಸಬೇಕಾಗುತ್ತದೆ. ಮಾವನ ಅಭಿಪ್ರಾಯ ಸೊಸೆಯ ಅಭಿಪ್ರಾಯವಾಗದು. ಮಗನ ನಿರುದ್ಯೋಗದ ನೋವನ್ನು ತಂದೆ ತನ್ನದೇ ಮಾತಿನಲ್ಲಿ ಹೇಳಿದರೆ ಅದು ತಂದೆಯ ನೋವಷ್ಟೇ ಆಗುತ್ತದೆ.

ಬಾಗಿಲು ತೆರೆದವರನ್ನೇ ಕೇಳಿದರೆ ಏನಾಗುತ್ತದೆ? ಹಗಲು ಹೋದರೆ ವೃದ್ಧರು ಸಿಗುತ್ತಾರೆ. ದುಡಿಯುವ ಯುವಕರು ಸಿಗುವುದಿಲ್ಲ. ಸಂಜೆ ಹೋದರೆ ಪುರುಷರು ಮುಂದೆ ಬರುತ್ತಾರೆ. ಮಹಿಳೆಯರು ಪರದೆಯ ಹಿಂದೆ ಸರಿಯುತ್ತಾರೆ. ಹೀಗೆ ಲಕ್ಷ ಮನೆಗಳಿಗೆ ಹೋದರೂ ಕೇಳಿಸುವುದು ಒಂದೇ ಬಗೆಯ ಧ್ವನಿ.

ಇದಕ್ಕೊಂದು ಪರಿಹಾರವನ್ನು ಹಂಗೇರಿ ಮೂಲದ ಅಮೆರಿಕನ್ ಸಂಖ್ಯಾಶಾಸ್ತ್ರಜ್ಞ ಲೆಸ್ಲಿ ಕಿಶ್ 1949ರಲ್ಲಿ ಪ್ರಕಟಿಸಿದರು. ಮೊದಲು ಮನೆಯ ವಯಸ್ಕ ಪುರುಷರನ್ನು ಹಿರಿಯರಿಂದ ಕಿರಿಯರವರೆಗೆ, ಬಳಿಕ ಮಹಿಳೆಯರನ್ನು ಅದೇ ಕ್ರಮದಲ್ಲಿ ಪಟ್ಟಿ ಮಾಡಿ ಸಂಖ್ಯೆ ಕೊಡಬೇಕು. ತಂದೆ, ಇಬ್ಬರು ಪುತ್ರರು, ತಾಯಿ, ಇಬ್ಬರು ಸೊಸೆಯಂದಿರು ಇರುವ ಮನೆಯಲ್ಲಿ ಆರು ಸಂಖ್ಯೆಗಳಾಗುತ್ತವೆ. ಸಮೀಕ್ಷಕರ ಕೈಯಲ್ಲಿ ಮೊದಲೇ ಸಿದ್ಧಪಡಿಸಿದ ಕೋಷ್ಟಕವಿರುತ್ತದೆ. ಆರು ಮಂದಿಯಿರುವ ಮನೆಯಲ್ಲಿ ಐದನೆಯವರನ್ನು ಕೇಳು ಎಂದು ಅದರಲ್ಲಿದ್ದರೆ ಹಿರಿಯ ಸೊಸೆಯನ್ನೇ ಕೇಳಬೇಕು. ಅವಳು ಮನೆಯಲ್ಲಿಲ್ಲದಿದ್ದರೆ ಮತ್ತೆ ಬರಬೇಕು. ಬದಲಿಗೆ ಮತ್ತೊಬ್ಬರನ್ನು ಕೂರಿಸುವಂತಿಲ್ಲ. ಇಲ್ಲಿ ಯಜಮಾನರ ಇಷ್ಟಕ್ಕೂ ಸಮೀಕ್ಷಕರ ಅನುಕೂಲಕ್ಕೂ ಎಡೆಯಿಲ್ಲ.

ಇನ್ನೊಂದು ಸುಲಭ ವಿಧಾನವೂ ಇದೆ. ಮನೆಯಲ್ಲಿ ಯಾರ ಹುಟ್ಟುಹಬ್ಬ ಎಲ್ಲರಿಗಿಂತ ಮೊದಲು ಬರಲಿದೆಯೋ ಅವರನ್ನು ಕೇಳುವುದು. ಆದರೆ ನಮ್ಮ ನಾಡಿನಲ್ಲಿ ಶಾಲೆಗೆ ಸೇರಿಸುವಾಗ ಮುಖ್ಯೋಪಾಧ್ಯಾಯರು ಬರೆದ ಜೂನ್ 1 ಎಷ್ಟೋ ಮಂದಿಯ ಜನ್ಮದಿನವಾಗಿದೆ! ಇಂತಹ ಮನೆಗಳಲ್ಲಿ ಪಟ್ಟಿ ಮಾಡಿ ಆರಿಸುವುದೇ ವಾಸಿ.

ಮತ್ತೊಂದು ನ್ಯಾಯದ ಅಂಶವಿದೆ. ಇಬ್ಬರೇ ಇರುವ ಮನೆಯಲ್ಲಿ ಒಬ್ಬರು ಆಯ್ಕೆಯಾಗುವ ಸಾಧ್ಯತೆ ಎರಡರಲ್ಲಿ ಒಂದು. ಆರು ಮಂದಿಯ ಕೂಡುಕುಟುಂಬದಲ್ಲಿ ಆರರಲ್ಲಿ ಒಂದು. ಹಾಗೆಯೇ ಬಿಟ್ಟರೆ ದೊಡ್ಡ ಕುಟುಂಬಗಳವರ ಮಾತಿಗೆ ಬೆಲೆ ಕಡಿಮೆಯಾಗುತ್ತದೆ. ಆದ್ದರಿಂದ ಲೆಕ್ಕ ಹಾಕುವಾಗ ಆ ಸೊಸೆಯ ಉತ್ತರಕ್ಕೆ ಆರು ಪಟ್ಟು ತೂಕ ಕೊಡಲಾಗುತ್ತದೆ. ಅವಳ ಬದಲು ಬೇರೊಬ್ಬರು ಉತ್ತರಿಸಿದರೆ ತಪ್ಪೂ ಆರು ಪಟ್ಟಾಗುತ್ತದೆ.

‘ಇದು ಚೀಟಿ ಎತ್ತಿದಂತಾಯಿತಲ್ಲ, ಜೂಜಿನಂತಲ್ಲವೇ?’ ಎಂದು ಕೆಲವರು ಕೇಳಬಹುದು. ಅಲ್ಲ. ಜೂಜಿನಲ್ಲಿ ಒಬ್ಬನ ಸೊತ್ತು ಇನ್ನೊಬ್ಬನ ಪಾಲಾಗುತ್ತದೆ. ಇಲ್ಲಿ ಯಾರ ಹಕ್ಕೂ ನಷ್ಟವಾಗುವುದಿಲ್ಲ. ಸಮಾನ ಹಕ್ಕುಳ್ಳವರಲ್ಲಿ ಒಬ್ಬರನ್ನು ಆರಿಸಬೇಕಾದಾಗ ಚೀಟಿ ಎತ್ತುವುದು ಪಕ್ಷಪಾತವನ್ನು ತಡೆಯುವ ದಾರಿ. ಪ್ರವಾದಿ ಮುಹಮ್ಮದ್(ಸ) ಪ್ರಯಾಣ ಹೊರಡುವಾಗ ಪತ್ನಿಯರ ನಡುವೆ ಚೀಟಿ ಎತ್ತಿ, ಯಾರ ಹೆಸರು ಬರುತ್ತದೋ ಅವರನ್ನು ಜೊತೆಗೆ ಕರೆದೊಯ್ಯುತ್ತಿದ್ದರೆಂದು ಹ. ಆಯಿಶಾ(ರ) ವರದಿ ಮಾಡಿದ್ದಾರೆ. ಹ. ಮರ್ಯಮರ ಪಾಲನೆಯ ಹೊಣೆಗಾಗಿ ಲೇಖನಿಗಳನ್ನು ಎಸೆದು ನಿರ್ಧರಿಸಿದ ಪ್ರಸಂಗ ಪವಿತ್ರ ಕುರ್‌ಆನ್‌ನಲ್ಲಿದೆ. ಮನೆಯೊಳಗಿನ ನ್ಯಾಯಕ್ಕಾಗಿ ಪ್ರವಾದಿವರ್ಯರು(ಸ) ಅನುಸರಿಸಿದ ಕ್ರಮವು ನಮಗೆ ಅಪರಿಚಿತವಾಗಬಾರದು.

ಸಹೋದರರೇ, ಈಗ ಕಹಿಯಾದ ಒಂದು ಮಾತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಆಯ್ದ ಮನೆಗಳಲ್ಲಿ, ಗೃಹಹಿಂಸೆಯ ಪ್ರಶ್ನೆಗಳನ್ನು ಕೇಳಲಾಗುತ್ತದೆ. ಒಂದು ಮನೆಯಲ್ಲಿ ಒಬ್ಬಳೇ ಮಹಿಳೆಯನ್ನು ಯಾದೃಚ್ಛಿಕವಾಗಿ ಆರಿಸಿ, ಏಕಾಂತದಲ್ಲಿ ಕೇಳಬೇಕೆಂಬುದು ನಿಯಮ. ಏಕಾಂತ ಸಿಗದಿದ್ದರೆ ಕೇಳುವಂತಿಲ್ಲ. ಅವಳಲ್ಲಿ ಏನನ್ನು ಕೇಳಲಾಯಿತೆಂದು ಮನೆಯ ಉಳಿದವರಿಗೆ ತಿಳಿದರೆ ಅವಳಿಗೇ ಅಪಾಯವಾದೀತು ಎಂಬ ಎಚ್ಚರಿಕೆಯಿಂದ ಈ ನಿಯಮ ಮಾಡಲಾಗಿದೆ. 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ. 44ರಷ್ಟು ಮಂದಿ ಪತಿಯಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. 2015-16ರಲ್ಲಿ ಈ ಪ್ರಮಾಣ ಸುಮಾರು ಶೇ. 21 ಇತ್ತು. ಇದು ಎಲ್ಲ ಸಮುದಾಯಗಳನ್ನೂ ಒಳಗೊಂಡ ಲೆಕ್ಕ. ಅತ್ತೆ ಪಕ್ಕದಲ್ಲಿ ಕುಳಿತಿದ್ದರೆ, ಪತಿ ಬಾಗಿಲಲ್ಲಿ ನಿಂತಿದ್ದರೆ ಇವರಲ್ಲಿ ಎಷ್ಟು ಮಂದಿ ಬಾಯಿ ತೆರೆಯುತ್ತಿದ್ದರು? ನೀವೇ ಯೋಚಿಸಿರಿ.

ನಮ್ಮ ಸಮುದಾಯಕ್ಕೆ ಇದರಿಂದೇನು ಎನ್ನಬೇಡಿ. 2005ರಲ್ಲಿ ನೇಮಕಗೊಂಡು 2006ರ ನವೆಂಬರ್‌ನಲ್ಲಿ ವರದಿ ಕೊಟ್ಟ ಸಾಚಾರ್ ಸಮಿತಿಯು ಮುಸ್ಲಿಮರ ಹಿಂದುಳಿದಿರುವಿಕೆಯನ್ನು ದೇಶದ ಮುಂದಿಟ್ಟಿತು. 2001ರ ಜನಗಣತಿಯ ಜೊತೆಗೆ ಅದು ಆಧರಿಸಿದ್ದು 2004-05ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತಹ ಮೂಲಗಳನ್ನು. ಅಂದರೆ ಯಾವುದೋ ಊರಿನಲ್ಲಿ ಯಾರೋ ಬಾಗಿಲು ತೆರೆದು, ಸಮಯ ಕೊಟ್ಟು, ಸತ್ಯ ಹೇಳಿದ್ದರಿಂದಲೇ ಇಂದಿಗೂ ನಾವು ವೇದಿಕೆಗಳಲ್ಲಿ ಆ ಅಂಕಿ-ಅಂಶಗಳನ್ನು ಉಲ್ಲೇಖಿಸುತ್ತಿದ್ದೇವೆ. ನಮ್ಮ ಬಗ್ಗೆ ಸರಿಯಾದ ಮಾಹಿತಿಯಿಲ್ಲವೆಂದು ಸರಕಾರವನ್ನು ದೂರುವ ನಾವು, ಮಾಹಿತಿ ಕೇಳಲು ಬಂದವರಿಗೆ ಬಾಗಿಲು ಮುಚ್ಚುವುದು ಎಷ್ಟು ಸರಿ?

ಭಯಕ್ಕೆ ಕಾರಣಗಳಿಲ್ಲವೆಂದಲ್ಲ. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂದ ಬಳಿಕ, ಕಾಗದ ಹಿಡಿದು ಬರುವ ಪ್ರತಿಯೊಬ್ಬರನ್ನೂ ಜನರು ಸಂಶಯದಿಂದ ನೋಡುವಂತಾಯಿತು. ಆ ಸಂಶಯವನ್ನು ಹುಟ್ಟಿಸಿದವರು ಅಧಿಕಾರದಲ್ಲಿದ್ದವರೇ. ಆದ್ದರಿಂದ ವಿಚಾರಿಸಿರಿ. ಗುರುತಿನ ಚೀಟಿ ಕೇಳಿರಿ. ಯಾವ ಸಂಸ್ಥೆ, ಯಾವ ಉದ್ದೇಶ, ಹೆಸರನ್ನು ಗುಟ್ಟಾಗಿಡುತ್ತಾರೆಯೇ ಎಂದು ತಿಳಿದುಕೊಳ್ಳಿರಿ. ಮಹಿಳೆಯೊಂದಿಗೆ ಮಾತನಾಡಲು ಮಹಿಳಾ ಸಮೀಕ್ಷಕಿಯೇ ಬರಲಿ ಎಂದು ಕೇಳುವುದರಲ್ಲೂ ತಪ್ಪಿಲ್ಲ. ಇಂತಹ ಮಾದರಿ ಸಮೀಕ್ಷೆಗಳಲ್ಲಿ ಅಭಿಪ್ರಾಯ ಹೇಳಲು ನಿರಾಕರಿಸುವ ಹಕ್ಕೂ ಇದೆ. ಆದರೆ ಆ ಹಕ್ಕು ಆಯ್ಕೆಯಾದವರದ್ದು. ಅವಳು ಬೇಡವೆಂದರೆ ಬೇಡ. ಅವಳ ಪರವಾಗಿ ಬೇಡವೆನ್ನುವ ಅಧಿಕಾರ ಮಾವನಿಗೂ ಇಲ್ಲ, ಪತಿಗೂ ಇಲ್ಲ.

ಸಾಕ್ಷ್ಯವನ್ನು ಬಚ್ಚಿಡಬಾರದೆಂದು ಕುರ್‌ಆನ್ ನಮಗೆ ಕಲಿಸಿದೆ. ಇನ್ನೊಬ್ಬರ ಸಾಕ್ಷ್ಯವನ್ನು ತಡೆಯುವುದು ಅದಕ್ಕಿಂತ ಸಣ್ಣ ತಪ್ಪಾದೀತೇ? ಪತಿಯ ವರ್ತನೆಯಿಂದ ನೊಂದ ಹ. ಖೌಲಾ(ರ) ಪ್ರವಾದಿವರ್ಯರ(ಸ) ಬಳಿ ತಮ್ಮ ಅಹವಾಲು ಹೇಳಿಕೊಂಡಾಗ, ಅದೇ ಮನೆಯಲ್ಲಿದ್ದ ಹ. ಆಯಿಶಾ(ರ)ರಿಗೂ ಅವರ ಕೆಲವು ಮಾತುಗಳು ಕೇಳಿಸಲಿಲ್ಲ. ಆದರೆ ಅಲ್ಲಾಹನು ಕೇಳಿಸಿಕೊಂಡನು. ಮುಜಾದಲಃ ಅಧ್ಯಾಯ ಅವತೀರ್ಣವಾಯಿತು. ಅಂದು ಅವರ ಪರವಾಗಿ ಬೇರಾರೂ ಮಾತನಾಡಲಿಲ್ಲ, ಅವರೇ ಮಾತನಾಡಿದರು.

ಆದ್ದರಿಂದ, ಚೀಟಿ ನಿಮ್ಮ ಸೊಸೆಯ ಹೆಸರಿಗೆ ಬಂದಾಗ, ಮಾನ್ಯರೇ, ಒಂದು ಕೋಣೆ ಬಿಟ್ಟುಕೊಡಿರಿ. ಮಗುವನ್ನು ಅರ್ಧ ಗಂಟೆ ನೀವೇ ಎತ್ತಿಕೊಳ್ಳಿರಿ. ಅವಳು ಹೊರಬಂದ ಮೇಲೆ, ‘ಏನು ಕೇಳಿದರು, ನೀನೇನು ಹೇಳಿದೆ?’ ಎಂದು ವಿಚಾರಿಸಬೇಡಿರಿ. ಅವಳ ಮಾತು ಅವಳ ಅಮಾನತ್ತು. ಅದನ್ನು ಕಾಪಾಡುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.